ಗಾಲಿ ಕಳಚಿದ ಗಾಡಿ, 1862ರಿಂದ

ನಮ್ಮ ಕಡೆ ಹೋಟೆಲ್ ಬೋರ್ಡುಗಳಲ್ಲಿ ಹೆಸರಿನ ಕೆಳಗೆ ಇಸವಿ ಬರೆದಿರುತ್ತಾರಲ್ಲ, 1938ರಿಂದ, 1952ರಿಂದ ಅಂತ, ಅದನ್ನು ಕಂಡರೆ ನನಗೆ ಏನೋ ಒಂದು ನಂಬಿಕೆ. ಇಷ್ಟು ವರ್ಷ ನಡೆದಿದೆ ಅಂದ ಮೇಲೆ ದೋಸೆ ಚೆನ್ನಾಗೇ ಇರಬೇಕು ಅಂದುಕೊಂಡು ಒಳಗೆ ಹೋಗಿ ಕೂರುತ್ತೇನೆ. ಎಷ್ಟೋ ಸಲ ರಬ್ಬರಿನಂಥ ದೋಸೆ ತಿಂದು ಎದ್ದು ಬಂದಿದ್ದೇನೆ. ಆದರೂ ಚಟ ಬಿಟ್ಟಿಲ್ಲ.

ಇದೇ ಚಟ ನನ್ನನ್ನು ನಾಟ್ಸ್ ಕೌಂಟಿ ಎನ್ನುವ ಫುಟ್‌ಬಾಲ್ ಕ್ಲಬ್ಬಿಗೆ ಗಂಟು ಹಾಕಿತು.

2017ರ ಕೊನೆಯಲ್ಲಿ ಆಫೀಸಿನ ಕೆಲಸದ ಮೇಲೆ ನಾಲ್ಕು ತಿಂಗಳು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿದ್ದೆ. ಹೋದ ಮೊದಲ ಶನಿವಾರವೇ ಟ್ರೆಂಟ್ ಬ್ರಿಜ್ ನೋಡಲು ಹೊರಟೆ. ಕ್ರಿಕೆಟ್ ಹುಚ್ಚಿನ ಕನ್ನಡಿಗರಿಗೆ ಆ ಮೈದಾನದ ಬಗ್ಗೆ ಹೇಳಬೇಕಿಲ್ಲ. 2002ರ ಆಗಸ್ಟ್‌ನಲ್ಲಿ ನಮ್ಮ ದ್ರಾವಿಡ್ ಎರಡನೇ ಇನ್ನಿಂಗ್ಸ್‌ನಲ್ಲಿ 115 ಹೊಡೆದು ಟೆಸ್ಟ್ ಉಳಿಸಿದ್ದು ಅಲ್ಲೇ. 2011ರಲ್ಲಿ ಇಡೀ ತಂಡ ಮಲಗಿದಾಗ ಓಪನಿಂಗ್ ಇಳಿದು 117 ಹೊಡೆದದ್ದೂ ಅಲ್ಲೇ. ಗೇಟು ಮುಟ್ಟಿಯಾದರೂ ಬರೋಣ ಅಂತ ಹೋದೆ. ಗೇಟು ಮುಟ್ಟಿದ್ದೇ ಬಂತು. ಆ ಚಳಿಯಲ್ಲಿ ಕ್ರಿಕೆಟ್ ಮೈದಾನ ಯಾರು ತೆಗೆದಿಟ್ಟಿರುತ್ತಾರೆ?

ಹಿಂದಿರುಗಿ ನದಿ ಹತ್ತಿರ ಬಂದರೆ ಸೇತುವೆ ಮೇಲೆ ಜನವೋ ಜನ. ಎಲ್ಲರ ಕತ್ತಿನಲ್ಲೂ ಕಪ್ಪು ಬಿಳಿ ಪಟ್ಟೆಯ ಮಫ್ಲರ್. ಬೇರೆ ಕೆಲಸವಿಲ್ಲದ ನಾನು ಸುಮ್ನೆ ಅವರ ಹಿಂದೆ ನಡೆದೆ. ಟ್ರೆಂಟ್ ನದಿಯ ಈ ದಡದಲ್ಲಿ ಕ್ರಿಕೆಟ್ ಮೈದಾನ, ಅದರ ಪಕ್ಕದಲ್ಲೇ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಎಂಬ ಹೆಸರುವಾಸಿ ಕ್ಲಬ್ಬಿನ ಸಿಟಿ ಗ್ರೌಂಡ್. ಸೇತುವೆ ದಾಟಿ ಹತ್ತು ನಿಮಿಷ ನಡೆದರೆ ಮೆಡೋ ಲೇನ್, ನಾಟ್ಸ್ ಕೌಂಟಿಯ ಮೈದಾನ. ಅಲ್ಲಿ ಗೋಡೆಯ ಮೇಲೆ ಇಸವಿ ಕಂಡಿತು. 1862.

ಟಿಕೆಟ್ ತೆಗೆದುಕೊಂಡುಬಿಟ್ಟೆ.

ಜಗತ್ತಿನಲ್ಲಿ ಇವತ್ತಿಗೂ ಉಳಿದಿರುವ ವೃತ್ತಿಪರ ಫುಟ್‌ಬಾಲ್ ಕ್ಲಬ್ಬುಗಳಲ್ಲಿ ಇದೇ ಅತ್ಯಂತ ಹಳೆಯದು. ಶೆಫೀಲ್ಡ್‌ನಲ್ಲಿ 1857ರ ಕ್ಲಬ್ ಒಂದಿದೆ, ಆದರೆ ಅದು ದೊಡ್ಡ ಲೀಗ್‌ಗಳ ಮೆಟ್ಟಿಲು ಹತ್ತಲೇ ಇಲ್ಲ. 1862 ಎಂದರೆ ಎಷ್ಟು ಹಿಂದೆ ಅಂತ ಅಂದಾಜಿಗೆ ಹೇಳುತ್ತೇನೆ: ಬೆಂಗಳೂರು ದಂಡಿಗೆ ರೈಲು ಬಂದದ್ದು 1864ರಲ್ಲಿ. ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ಹುಟ್ಟಿದ್ದು 1863ರಲ್ಲಿ. ಅಂದರೆ ಆಟಕ್ಕೆ ಎಲ್ಲರೂ ಒಪ್ಪುವ ನಿಯಮ ಬರುವ ಮೊದಲೇ ಈ ಕ್ಲಬ್ ಇತ್ತು. ಒಂದೊಂದು ಊರಲ್ಲಿ ಒಂದೊಂದು ಥರ ಆಟ. ಕೈಯಲ್ಲಿ ಚೆಂಡು ಹಿಡಿಯಬಹುದೋ ಬಾರದೋ ಎನ್ನುವುದೇ ತೀರ್ಮಾನವಾಗಿರಲಿಲ್ಲ. ಲೇಸ್ ಬಟ್ಟೆಯ ವ್ಯಾಪಾರದಿಂದ ದುಡ್ಡು ಮಾಡಿಕೊಂಡ ಊರಿನ ಸ್ಥಿತಿವಂತರ ಮಕ್ಕಳು ಮೊದಮೊದಲು ತಮ್ಮಲ್ಲೇ ಎರಡು ಗುಂಪು ಮಾಡಿಕೊಂಡು ಆಡುತ್ತಿದ್ದರು. ಎದುರಾಳಿ ಅಂತ ಇನ್ನೊಂದು ಕ್ಲಬ್ ಬೇಕಲ್ಲ!

ನನ್ನ ಪಕ್ಕದ ಸೀಟಿನಲ್ಲಿ ಎಪ್ಪತ್ತರ ಒಬ್ಬ ಅಜ್ಜ ಕೂತಿದ್ದರು. ಸೈಕಲ್ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನನ್ನನ್ನು ನೋಡಿದ ಕೂಡಲೇ ‘ಡಕ್’ ಎಂದು ಕರೆದು ಮಾತಾಡಿಸಿದರು. ಕ್ರಿಕೆಟ್ ನೋಡಿ ಬೆಳೆದ ನನಗೆ ಡಕ್ ಅಂದರೆ ಸೊನ್ನೆ. ಇದೇನಪ್ಪಾ, ಬಂದ ಕೂಡಲೇ ಔಟ್ ಅಂತಿದ್ದಾರೆ ಅನ್ನಿಸಿತು. ಆಮೇಲೆ ಗೊತ್ತಾಯಿತು, ಆ ಕಡೆ ಅದು ಪ್ರೀತಿಯ ಮಾತು. ನಮ್ಮಲ್ಲಿ ‘ಮರಿ’ ಅನ್ನುವುದಿಲ್ವಾ, ಹಾಗೆ. ಅರ್ಧ ಸಮಯಕ್ಕೆ ಅವರು ಒಂದು ಕಪ್ಪಿನಲ್ಲಿ ಬೆಂದು ಮುದ್ದೆಯಾದ ಬಟಾಣಿ ತಂದುಕೊಟ್ಟರು, ಮೇಲೆ ಪುದೀನ ಸಾಸ್. ಅದು ಆ ಊರಿನ ಹೆಮ್ಮೆ. ಒಗ್ಗರಣೆ ಒಂದಿದ್ದರೆ ಚೆನ್ನಾಗಿರುತ್ತಿತ್ತು ಎಂಬ ಅಭಿಪ್ರಾಯವನ್ನು ನಾನು ನನ್ನಲ್ಲೇ ಇಟ್ಟುಕೊಂಡೆ.

ಅಜ್ಜ ಮೊದಲು ಹೇಳಿದ ಮಾತು ಟ್ರೆಂಟ್ ಬ್ರಿಜ್ ಬಗ್ಗೆಯೇ. “ಅದು ನಮ್ಮ ಹಳೇ ಮನೆ” ಅಂದರು. 1883ರಿಂದ 1910ರವರೆಗೆ ನಾಟ್ಸ್ ಕೌಂಟಿ ಆಡುತ್ತಿದ್ದದ್ದು ಆ ಕ್ರಿಕೆಟ್ ಮೈದಾನದಲ್ಲೇ. ಕ್ರಿಕೆಟ್ ಶುರುವಾದರೆ ಫುಟ್‌ಬಾಲ್‌ನವರು ಜಾಗ ಖಾಲಿ ಮಾಡಬೇಕು, ಬಾಡಿಗೆ ಮನೆಯವರ ಹಾಗೆ. ಆ ಕಾಲದ ಆಟಗಾರರಲ್ಲಿ ವಿಲಿಯಂ ಗನ್ ಎನ್ನುವ ಎತ್ತರದ ಮನುಷ್ಯ ಒಬ್ಬ. ಬೇಸಿಗೆಯಲ್ಲಿ ಇಂಗ್ಲೆಂಡಿಗೆ ಕ್ರಿಕೆಟ್, ಚಳಿಗಾಲದಲ್ಲಿ ನಾಟ್ಸ್ ಕೌಂಟಿಗೆ ಫುಟ್‌ಬಾಲ್. ಫುಟ್‌ಬಾಲ್‌ನಲ್ಲೂ ಇಂಗ್ಲೆಂಡಿಗೆ ಆಡಿದ. 1885ರಲ್ಲಿ ಮೂರ್ ಎನ್ನುವವನ ಜೊತೆ ಸೇರಿ ಒಂದು ಬ್ಯಾಟ್ ಅಂಗಡಿ ತೆರೆದ. ಗನ್ ಅಂಡ್ ಮೂರ್. ಹೌದು, ಜಿಎಂ. ನಮ್ಮ ಬೀದಿಯಲ್ಲಿ ಒಬ್ಬನ ಹತ್ತಿರ ಜಿಎಂ ಸ್ಟಿಕ್ಕರ್ ಇದ್ದ ಬ್ಯಾಟ್ ಇತ್ತು. ಸ್ಟಿಕ್ಕರ್ ಮಾತ್ರ ಜಿಎಂದು, ಬ್ಯಾಟು ಯಾವುದೋ. ಔಟಾದರೆ ಬ್ಯಾಟ್ ಎತ್ತಿಕೊಂಡು ಮನೆಗೆ ಹೋಗಿಬಿಡುತ್ತಿದ್ದ. ಆ ಸ್ಟಿಕ್ಕರಿನ ಬೇರು ಹುಡುಕಿದರೆ ಒಬ್ಬ ಫುಟ್‌ಬಾಲ್ ಆಟಗಾರ ಸಿಗುತ್ತಾನೆ ಅಂತ ಯಾರಿಗೆ ಗೊತ್ತಿತ್ತು?

ಮನೆಗೆ ಬಂದು ಓದಲು ಕೂತೆ. ಓದಿದಷ್ಟೂ ಒಂದು ವಿಚಿತ್ರ ಕಾಣತೊಡಗಿತು. ಫುಟ್‌ಬಾಲ್‌ನ ಯಾವ ದೊಡ್ಡ ಸಂಗತಿ ಕೆದಕಿದರೂ ಎಲ್ಲೋ ಮೂಲೆಯಲ್ಲಿ ಈ ಕ್ಲಬ್ ನಿಂತಿರುತ್ತದೆ. ಮದುವೆ ಫೋಟೋದಲ್ಲಿ ಹಿಂದಿನ ಸಾಲಲ್ಲಿ ಅರ್ಧ ಮುಖ ಕಾಣುವ ದೊಡ್ಡಪ್ಪನ ಹಾಗೆ. ಜಗತ್ತಿನ ಮೊದಲ ಫುಟ್‌ಬಾಲ್ ಲೀಗ್ 1888ರಲ್ಲಿ ಶುರುವಾದಾಗ ಇದ್ದ 12 ಕ್ಲಬ್ಬುಗಳಲ್ಲಿ ಇದೂ ಒಂದು. ಮೊದಲ ವರ್ಷ ಎಷ್ಟನೇ ಸ್ಥಾನ? 11.

ಪೆನಾಲ್ಟಿಯ ಕಥೆ ಕೇಳಿ. 1891ರ ಫೆಬ್ರುವರಿ, ಟ್ರೆಂಟ್ ಬ್ರಿಜ್‌ನಲ್ಲೇ ಎಫ್ಎ ಕಪ್ (ಸೋತವರು ಮನೆಗೆ ಹೋಗುವ, ಲೀಗ್‌ಗಿಂತ ಬೇರೆಯಾದ ಪಂದ್ಯಾವಳಿ) ಕ್ವಾರ್ಟರ್ ಫೈನಲ್. ಎದುರಾಳಿ ಸ್ಟೋಕ್. ನಾಟ್ಸ್ ಕೌಂಟಿ 1-0 ಮುಂದೆ. ಕೊನೆಯ ಗಳಿಗೆಯಲ್ಲಿ ಸ್ಟೋಕ್‌ನವರು ಹೊಡೆದ ಚೆಂಡು ಗೋಲಿನೊಳಗೆ ಹೋಗುತ್ತಿದೆ. ಗೆರೆಯ ಮೇಲೆ ನಿಂತಿದ್ದ ಕೌಂಟಿಯ ಜಾಕ್ ಹೆಂಡ್ರಿ ಅದನ್ನು ಕೈಯಿಂದ ಹೊಡೆದು ಆಚೆ ಹಾಕಿದ. ಆಗ ಅದಕ್ಕೆ ಶಿಕ್ಷೆ ಬರೀ ಒಂದು ಫ್ರೀ ಕಿಕ್. ಗೆರೆಯಿಂದ ಗೇಣು ದೂರದಲ್ಲಿ ಚೆಂಡು ಇಟ್ಟರು, ಕೌಂಟಿಯ ಗೋಲ್‌ಕೀಪರ್ ಅದರ ಮುಂದೆಯೇ ಗೋಡೆಯ ಹಾಗೆ ನಿಂತುಬಿಟ್ಟ. ಹೊಡೆಯೋದು ಎಲ್ಲಿಗೆ? ಕೌಂಟಿ ಗೆದ್ದಿತು. ಐರ್ಲೆಂಡಿನ ವಿಲಿಯಂ ಮೆಕ್‌ಕ್ರಮ್ ಎನ್ನುವ ಗೋಲ್‌ಕೀಪರ್ ಅದರ ಹಿಂದಿನ ವರ್ಷವೇ ಇಂಥದ್ದಕ್ಕೆ ಪೆನಾಲ್ಟಿ, ಅಂದರೆ ಗೋಲ್‌ಕೀಪರ್ ಒಬ್ಬನೇ ಎದುರಿಗಿರುವ ಹೊಡೆತ, ಕೊಡಬೇಕು ಅಂತ ಹೇಳಿದ್ದ. ಮರ್ಯಾದಸ್ಥರು ಬೇಕಂತಲೇ ತಪ್ಪು ಮಾಡುತ್ತಾರಾ ಅಂತ ಇಂಗ್ಲಿಷಿನವರು ಅವನನ್ನು ಗೇಲಿ ಮಾಡಿದ್ದರು. ಹೆಂಡ್ರಿಯ ಕೈ ನೋಡಿದ ಮೇಲೆ ಗೇಲಿ ಕಡಿಮೆಯಾಯಿತು. ಜೂನ್‌ನಲ್ಲಿ ಪೆನಾಲ್ಟಿ ನಿಯಮವಾಗಿ ಬಂತು.

ಇವತ್ತು ವಿಶ್ವಕಪ್ ಫೈನಲ್‌ನಲ್ಲಿ ಉಗುರು ಕಚ್ಚಿಕೊಂಡು ಪೆನಾಲ್ಟಿ ನೋಡುವ ಕೋಟಿಗಟ್ಟಲೆ ಜನ ಒಂದಿಷ್ಟು ಋಣ ನಾಟ್ಸ್ ಕೌಂಟಿಯ ಕಳ್ಳಾಟಕ್ಕೆ ಸಲ್ಲಿಸಬೇಕು. ಅಷ್ಟು ಮಾಡಿಯೂ ಆ ಸಲದ ಕಪ್ ಇವರಿಗೆ ಸಿಗಲಿಲ್ಲ. ಫೈನಲ್‌ಗೆ ಒಂದು ವಾರ ಮುಂಚೆ ಲೀಗ್‌ನಲ್ಲಿ ಬ್ಲ್ಯಾಕ್‌ಬರ್ನ್ ರೋವರ್ಸ್ ತಂಡವನ್ನು 7-1ರಿಂದ ಚಚ್ಚಿದ್ದರು. ಫೈನಲ್‌ನಲ್ಲಿ ಅದೇ ಬ್ಲ್ಯಾಕ್‌ಬರ್ನ್ ಎದುರು 3-1ರಿಂದ ಸೋತರು. ಈ ಕ್ಲಬ್ಬಿನ ಜಾತಕ ಒಂದೇ ಸಾಲಿನಲ್ಲಿ ಬೇಕು ಅಂದರೆ ಇದೇ.

ಗೆದ್ದದ್ದು 1894ರಲ್ಲಿ, ಅದೂ ಎರಡನೇ ಡಿವಿಷನ್‌ನಲ್ಲಿ, ಅಂದರೆ ಲೀಗ್‌ನ ಎರಡನೇ ದರ್ಜೆಯಲ್ಲಿ, ಇದ್ದಾಗ. ಕೆಳಗಿನ ಡಿವಿಷನ್‌ನ ತಂಡವೊಂದು ಎಫ್ಎ ಕಪ್ ಗೆದ್ದದ್ದು ಅದೇ ಮೊದಲು. ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ನಲ್ಲಿ ಬೋಲ್ಟನ್ ವಿರುದ್ಧ 4-1. ಅದರಲ್ಲಿ ಮೂರು ಗೋಲು ಸ್ಕಾಟ್ಲೆಂಡಿನ ಜಿಮ್ಮಿ ಲೋಗನ್ ಒಬ್ಬನದೇ. ಎಫ್ಎ ಕಪ್ ಫೈನಲ್‌ನಲ್ಲಿ ಹ್ಯಾಟ್ರಿಕ್ ಹೊಡೆದವರು ಇಷ್ಟು ವರ್ಷಗಳಲ್ಲಿ ಬರೀ ಮೂವರು. ಇವನು ಎರಡನೆಯವನು.

ಲೋಗನ್‌ನ ಮುಂದಿನ ಕಥೆ ಓದಿದ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ. ಕಪ್ ಗೆದ್ದ ಎರಡೇ ವರ್ಷಕ್ಕೆ ಅವನು ಲಫ್‌ಬರೋ ಎನ್ನುವ ಸಣ್ಣ ಊರಿನ ತಂಡದಲ್ಲಿದ್ದ. ಒಂದು ದಿನ ನ್ಯೂಟನ್ ಹೀತ್ ವಿರುದ್ಧ ಆಡಲು ಹೋದರು. ಮುಂದೆ ಮ್ಯಾಂಚೆಸ್ಟರ್ ಯುನೈಟೆಡ್ ಆದ ಕ್ಲಬ್ ಅದೇ. ಆಟದ ಬಟ್ಟೆಗಳಿದ್ದ ಪೆಟ್ಟಿಗೆ ಬಂದು ತಲುಪಲಿಲ್ಲ. ಮೈಮೇಲಿದ್ದ ಸ್ವಂತ ಬಟ್ಟೆಯಲ್ಲೇ ಸುರಿಯುವ ಮಳೆಯಲ್ಲಿ ಆಡಿದರು. ಬದಲಾಯಿಸಲು ಬೇರೆ ಬಟ್ಟೆ ಇಲ್ಲ, ಅದೇ ಒದ್ದೆ ಬಟ್ಟೆಯಲ್ಲಿ ವಾಪಸ್ ಪ್ರಯಾಣ. ಲೋಗನ್‌ಗೆ ನೆಗಡಿ ಹಿಡಿಯಿತು, ನ್ಯುಮೋನಿಯಾ ಆಯಿತು. 1896ರ ಮೇ ತಿಂಗಳಲ್ಲಿ ತೀರಿಕೊಂಡ. ವಯಸ್ಸು 25. ಬಡವರನ್ನು ಹೂಳುವ ಜಾಗದಲ್ಲಿ, ಹೆಸರಿನ ಕಲ್ಲೂ ಇಲ್ಲದೆ ಮಣ್ಣು ಮಾಡಿದರು.

ಕಲ್ಲು ಹಾಕಿಸಿದ್ದು ಎಷ್ಟೋ ದಶಕಗಳ ನಂತರದವರು.

ಬಟ್ಟೆಯ ಮಾತು ಬಂತಲ್ಲ, ಇನ್ನೊಂದು ಬಟ್ಟೆಯ ಕಥೆ ಇದೆ, ಇದು ಖುಷಿಯದ್ದು. ಇಟಲಿಯ ಟ್ಯೂರಿನ್‌ನಲ್ಲಿ 1897ರಲ್ಲಿ ಕೆಲವು ವಿದ್ಯಾರ್ಥಿಗಳು ಒಂದು ಕ್ಲಬ್ ಕಟ್ಟಿದರು. ಗುಲಾಬಿ ಬಣ್ಣದ ಅಂಗಿ ಹಾಕಿಕೊಂಡು ಆಡುತ್ತಿದ್ದರು. ಒಗೆದು ಒಗೆದು ಬಣ್ಣ ಹೋಯಿತು. ತಂಡದಲ್ಲಿ ಜಾನ್ ಸಾವೇಜ್ ಎನ್ನುವ ಇಂಗ್ಲಿಷಿನವನಿದ್ದ. ಬಣ್ಣ ಹೋಗದ ಅಂಗಿ ಇಂಗ್ಲೆಂಡಿನಿಂದ ತರಿಸಿಕೊಡಪ್ಪಾ ಅಂದರು. ಅವನು ನಾಟಿಂಗ್‌ಹ್ಯಾಮ್‌ನ ಗೆಳೆಯನಿಗೆ ಬರೆದ. ಗೆಳೆಯ ನಾಟ್ಸ್ ಕೌಂಟಿ ಅಭಿಮಾನಿ. ಅವನು ಬೇರೆ ಯಾವ ಅಂಗಿ ಕಳಿಸುತ್ತಾನೆ? 1903ರಲ್ಲಿ ಕಪ್ಪು ಬಿಳಿ ಪಟ್ಟೆಯ ಅಂಗಿಗಳ ಗಂಟು ಟ್ಯೂರಿನ್ ತಲುಪಿತು. ಆ ಕ್ಲಬ್ಬಿನ ಹೆಸರು ಯುವೆಂಟಸ್. ಅವತ್ತಿನಿಂದ ಇವತ್ತಿನವರೆಗೆ ಅದೇ ಕಪ್ಪು ಬಿಳಿ. ರೊನಾಲ್ಡೊ ಮೂರು ವರ್ಷ ಹಾಕಿಕೊಂಡು ಆಡಿದ ಆ ಅಂಗಿಯ ಮೂಲ ನಾಟಿಂಗ್‌ಹ್ಯಾಮ್.

ಇದರಲ್ಲೂ ತಮಾಷೆ ಇದೆ. ಆರ್ಸನಲ್ ಕ್ಲಬ್ಬಿನ ಕೆಂಪು ಬಣ್ಣ ಬಂದದ್ದು ಹೇಗೆ ಗೊತ್ತಾ? 1886ರಲ್ಲಿ ಆಚೆ ದಡದ ಫಾರೆಸ್ಟ್‌ನವರು ದಾನ ಕೊಟ್ಟ ಅಂಗಿಗಳಿಂದ. ಜವಳಿಯ ಊರು ನೋಡಿ, ನದಿಯ ಎರಡೂ ದಡದವರು ಜಗತ್ತಿಗೆ ಅಂಗಿ ತೊಡಿಸಿದ್ದಾರೆ.

2011ರ ಸೆಪ್ಟೆಂಬರ್‌ನಲ್ಲಿ ಯುವೆಂಟಸ್ ಹೊಸ ಕ್ರೀಡಾಂಗಣ ಕಟ್ಟಿತು. ಉದ್ಘಾಟನೆಯ ಪಂದ್ಯಕ್ಕೆ ಯೂರೋಪಿನ ಯಾವ ದೊಡ್ಡ ತಂಡವನ್ನಾದರೂ ಕರೆಯಬಹುದಿತ್ತು. ಇಂಗ್ಲೆಂಡಿನ ಮೂರನೇ ದರ್ಜೆಯಲ್ಲಿದ್ದ ನಾಟ್ಸ್ ಕೌಂಟಿಯನ್ನು ಕರೆದರು. ಎರಡೂ ಕಡೆ ಕಪ್ಪು ಬಿಳಿ. ಲುಕಾ ಟೋನಿ ಯುವೆಂಟಸ್‌ಗೆ ಗೋಲು ಹೊಡೆದ, ಕೊನೆಕೊನೆಗೆ ಲೀ ಹ್ಯೂಸ್ ಕೌಂಟಿಗೆ ಹೊಡೆದ, 1-1. ಅಜ್ಜ ಈ ಕಥೆ ಹೇಳುವಾಗ ಮಗಳ ಗೃಹಪ್ರವೇಶಕ್ಕೆ ಹೋಗಿ ಬಂದವರ ಹಾಗೆ ಮಾತಾಡಿದರು.

ಈ ಬಣ್ಣದಿಂದಲೇ ಕ್ಲಬ್ಬಿಗೆ ಮ್ಯಾಗ್‌ಪೈ ಅಂತ ಅಡ್ಡಹೆಸರು. ಕಾಗೆ ಜಾತಿಯ ಕಪ್ಪು ಬಿಳಿ ಹಕ್ಕಿ ಅದು. ನಮ್ಮ ಮಡಿವಾಳ ಹಕ್ಕಿಯನ್ನು ಇಂಗ್ಲಿಷಿನವರು ಮ್ಯಾಗ್‌ಪೈ ರಾಬಿನ್ ಅಂತ ಕರೆದದ್ದು ಇದನ್ನು ನೆನೆದೇ. ಅಲ್ಲಿ ಒಂಟಿ ಮ್ಯಾಗ್‌ಪೈ ಕಂಡರೆ ಅಪಶಕುನ ಅಂತ ನಂಬಿಕೆ. ಅಂಥ ಹಕ್ಕಿಯನ್ನೇ ಎದೆಯ ಮೇಲೆ ಹಾಕಿಕೊಂಡವರಿಗೆ ಏನನ್ನಬೇಕು?

ಹೊಸ ಮೈದಾನಕ್ಕೆ, ಅಂದರೆ ಮೆಡೋ ಲೇನ್‌ಗೆ, ಬಂದದ್ದು 1910ರಲ್ಲಿ. ಮೊದಲ ಪಂದ್ಯ ಫಾರೆಸ್ಟ್ ಜೊತೆಗೆ, ಡ್ರಾ. ಪಕ್ಕದ ಒಂದು ರಸ್ತೆಗೆ ಐರ್‌ಮಾಂಗರ್ ರಸ್ತೆ ಅಂತ ಹೆಸರು. ಆಲ್ಬರ್ಟ್ ಐರ್‌ಮಾಂಗರ್ ಇಲ್ಲಿನ ಗೋಲ್‌ಕೀಪರ್. ಆರಡಿ ಐದಂಗುಲ ಎತ್ತರ, ಲೀಗ್‌ನಲ್ಲಿ 564 ಪಂದ್ಯ. ಗೋಲ್‌ಕೀಪರ್ ಆದರೂ ಪೆನಾಲ್ಟಿ ಹೊಡೆಯುವ ಆಸೆ. ಒಮ್ಮೆ ಹೊಡೆದದ್ದು ಅಡ್ಡಪಟ್ಟಿಗೆ ಬಡಿದು ವಾಪಸ್ ಬಂತಂತೆ. ಉದ್ದ ಕಾಲು ಹಾಕುತ್ತಾ ಚೆಂಡಿನ ಹಿಂದೆ ಓಡಿ ಓಡಿ, ಕೊನೆಗೆ ತನ್ನದೇ ಗೋಲಿಗೆ ಹೊಡೆದುಬಿಟ್ಟನಂತೆ. ಇದು ಊರವರು ಹೇಳುವ ಕಥೆ. ಎಷ್ಟು ನಿಜವೋ, ಆದರೆ ರಸ್ತೆಗೆ ಹೆಸರು ಮಾತ್ರ ಇಟ್ಟಿದ್ದಾರೆ.

1947ರ ನವೆಂಬರ್‌ನಲ್ಲಿ ಈ ಕ್ಲಬ್ ಇಂಗ್ಲೆಂಡನ್ನೇ ಬೆಚ್ಚಿಬೀಳಿಸಿತು. ಟಾಮಿ ಲಾಟನ್ ಆಗ ಇಂಗ್ಲೆಂಡ್ ತಂಡದ ಸೆಂಟರ್ ಫಾರ್ವರ್ಡ್, ಚೆಲ್ಸಿಯ ಆಟಗಾರ. ಅಂಥವನನ್ನು ಮೂರನೇ ಡಿವಿಷನ್‌ನ ನಾಟ್ಸ್ ಕೌಂಟಿ 20,000 ಪೌಂಡ್ ಕೊಟ್ಟು ಕೊಂಡಿತು. ಅದು ಆಗಿನ ಬ್ರಿಟಿಷ್ ದಾಖಲೆ. ಯಾಕೆ ಬಂದ? ಚೆಲ್ಸಿಯಲ್ಲಿ ಅವನ ಮೈಕೈ ತಿಕ್ಕುತ್ತಿದ್ದ ಮಸಾಜ್‌ನವನು, ಆರ್ಥರ್ ಸ್ಟಾಲರಿ, ಇಲ್ಲಿ ಮ್ಯಾನೇಜರ್ ಆಗಿ ಬಂದಿದ್ದ. ನೀನು ಎಲ್ಲಿಗಾದರೂ ಹೋದರೆ ನಾನೂ ಬರುತ್ತೇನೆ ಅಂತ ಲಾಟನ್ ಮಾತು ಕೊಟ್ಟಿದ್ದ. ಕೊಟ್ಟ ಮಾತು ಉಳಿಸಿಕೊಂಡ. 1950ರಲ್ಲಿ ಡಿವಿಷನ್ ಗೆದ್ದು ಮೇಲೆ ಹೋದರು. ಮರುವರ್ಷ ತಮ್ಮ ತಂಡದ ಜಾಕಿ ಸೂವೆಲ್ ಎನ್ನುವ ಆಟಗಾರನನ್ನು 34,500 ಪೌಂಡ್‌ಗೆ ಮಾರಿದರು. ಅದೂ ದಾಖಲೆಯೇ. ಕೊಳ್ಳುವುದರಲ್ಲಿ ದಾಖಲೆ, ಮಾರುವುದರಲ್ಲಿ ದಾಖಲೆ, ನಡುವೆ ಕಪಾಟಿನಲ್ಲಿ ಹೊಸ ಕಪ್ ಮಾತ್ರ ಜಾಸ್ತಿ ಸೇರಲಿಲ್ಲ.

ಅಜ್ಜ ಮೊದಲ ಸಲ ಮೆಡೋ ಲೇನ್‌ಗೆ ಬಂದದ್ದು 1955ರಲ್ಲಿ, ಎಂಟು ವರ್ಷದವರಿದ್ದಾಗ, ಅಪ್ಪನ ಹೆಗಲ ಮೇಲೆ. ಎಫ್ಎ ಕಪ್ ಆರನೇ ಸುತ್ತು, ಯಾರ್ಕ್ ಸಿಟಿ ವಿರುದ್ಧ. ಅವತ್ತು ಸೇರಿದ್ದ ಜನ 47,310. ಇವತ್ತಿಗೂ ಮೈದಾನದ ದಾಖಲೆ ಅದು. ಯಾರ್ಕ್ ಇವರಿಗಿಂತ ಕೆಳಗಿನ ಡಿವಿಷನ್‌ನ ತಂಡ. ಸೋಲುವ ಮಾತೇ ಇಲ್ಲ.

ಸೋತರು. 0-1.

“ಹಾಗಾಗಿ ನನಗೆ ಮೊದಲ ದಿನವೇ ಎಲ್ಲ ಗೊತ್ತಾಗಿಹೋಯಿತು” ಅಂದರು ಅಜ್ಜ, ಬಟಾಣಿ ಕೆರೆಯುತ್ತಾ.

ಅವರಿಗೆ ದೇವರು ಅಂದರೆ ಜಿಮ್ಮಿ ಸಿರೆಲ್. ಗ್ಲಾಸ್ಗೊ ಕಡೆಯ ಕುಳ್ಳ ಮನುಷ್ಯ, 1969ರಲ್ಲಿ ಮ್ಯಾನೇಜರ್ ಆಗಿ ಬಂದ. ಕ್ಲಬ್ ಆಗ ನಾಲ್ಕನೇ ಡಿವಿಷನ್‌ನಲ್ಲಿ ಬಿದ್ದಿತ್ತು. 1971ರಲ್ಲಿ ಒಂದು ಮೆಟ್ಟಿಲು, 1973ರಲ್ಲಿ ಇನ್ನೊಂದು. ನಡುವೆ ಬಿಟ್ಟು ಹೋಗಿ ಮತ್ತೆ ಬಂದು 1981ರಲ್ಲಿ ಮೊದಲ ಡಿವಿಷನ್. 1926ರ ನಂತರ ಕೌಂಟಿ ಅಲ್ಲಿಗೆ ಕಾಲಿಟ್ಟದ್ದು ಆಗಲೇ. ಮೂರು ಸಲವೂ ಕ್ಯಾಪ್ಟನ್ ಒಬ್ಬನೇ, ಡಾನ್ ಮ್ಯಾಸನ್. ದೊಡ್ಡ ಸಾಧನೆ ಅಲ್ವಾ? ಆದರೆ ಅದೇ ಹೊತ್ತಿಗೆ ನದಿಯ ಆಚೆ ದಡದಲ್ಲಿ ಬ್ರಿಯಾನ್ ಕ್ಲಫ್ ಎನ್ನುವ ಮಾಯಗಾರ ಫಾರೆಸ್ಟ್‌ಗೆ 1978ರಲ್ಲಿ ಲೀಗ್, 1979ರಲ್ಲಿ ಯೂರೋಪಿಯನ್ ಕಪ್, 1980ರಲ್ಲಿ ಮತ್ತೆ ಯೂರೋಪಿಯನ್ ಕಪ್ ಗೆದ್ದುಕೊಟ್ಟಿದ್ದ. ಪಕ್ಕದ ಮನೆ ಹುಡುಗ ಐಎಎಸ್ ಪಾಸಾದ ವರ್ಷ ನೀವು ಪಿಯುಸಿಯಲ್ಲಿ ಫಸ್ಟ್ ಕ್ಲಾಸ್ ಬಂದರೆ ಬೀದಿಯವರು ಯಾರ ಮನೆಗೆ ಸ್ವೀಟು ತಿನ್ನಲು ಹೋಗುತ್ತಾರೆ?

ಈಗ ಸಿರೆಲ್ ಮತ್ತು ಅವನ ಜೊತೆಗಾರ ಜ್ಯಾಕ್ ವೀಲರ್ ಇಬ್ಬರೂ ಒಂದು ಬೆಂಚಿನ ಮೇಲೆ ಕೂತ ಪ್ರತಿಮೆ ಮೈದಾನದ ಹೊರಗಿದೆ. ನಡುವೆ ಕೂತು ಫೋಟೋ ತೆಗೆಸಿಕೊಂಡೆ. ಆಟಗಾರನೊಬ್ಬ ಚೆಂಡು ಒದೆಯುವ ಪ್ರತಿಮೆ ಎಲ್ಲ ಕಡೆ ಇರುತ್ತದೆ. ಇಬ್ಬರು ವಯಸ್ಸಾದವರು ಬೆಂಚಿನ ಮೇಲೆ ಸುಮ್ಮನೆ ಕೂತು ನೋಡುವ ಪ್ರತಿಮೆ ನನಗೆ ಜಾಸ್ತಿ ಇಷ್ಟವಾಯಿತು.

1990ರ ದಶಕವನ್ನು ಬೇಗ ಮುಗಿಸುತ್ತೇನೆ. ನೀಲ್ ವಾರ್ನಾಕ್ ಎನ್ನುವ ಮ್ಯಾನೇಜರ್ 1990, 1991 ಎರಡೂ ವರ್ಷ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಪ್ಲೇಆಫ್ (ಮೇಲೆ ಹೋಗಲು ಉಳಿದ ಕೊನೆಯ ಜಾಗಕ್ಕೆ ನಡೆಯುವ ಪಂದ್ಯಗಳು) ಫೈನಲ್ ಗೆಲ್ಲಿಸಿ ಮತ್ತೆ ಮೊದಲ ಡಿವಿಷನ್‌ಗೆ ಏರಿಸಿದ. 1992ರ ಬೇಸಿಗೆಗೆ ಮೊದಲೇ ಕೆಳಗೆ ಬಿದ್ದರು. ಅದೇ ಆಗಸ್ಟ್‌ನಲ್ಲಿ ಪ್ರೀಮಿಯರ್ ಲೀಗ್ ಶುರುವಾಯಿತು, ಟಿವಿಯ ದುಡ್ಡು ಹೊಳೆಯಾಗಿ ಹರಿಯಿತು. ಮಳೆ ಬರುವ ಹಿಂದಿನ ದಿನ ಬಿಂದಿಗೆ ಒಡೆದುಕೊಂಡ ಹಾಗೆ.

ಆ ಕಾಲದಲ್ಲೇ ಹುಟ್ಟಿದ್ದು ಇವರ ಹಾಡು. ಶ್ರೂಸ್‌ಬರಿಯಲ್ಲಿ ನಡೆದ ಒಂದು ಪಂದ್ಯದಲ್ಲಿ ಎದುರಾಳಿ ಅಭಿಮಾನಿಗಳ ಹಾಡನ್ನು ಅಣಕಿಸಲು ಹೋಗಿ ಹುಟ್ಟಿತಂತೆ. ಹಾಡಿನಲ್ಲಿ ಇರುವುದು ಇಷ್ಟೇ, ಒಬ್ಬನ ತಳ್ಳುಗಾಡಿಯ ಗಾಲಿ ಬಿದ್ದುಹೋಯಿತು ಅಂತ. ಬೇರೆ ಕ್ಲಬ್ಬಿನವರು ನಾವು ಸಿಂಹ, ನಾವು ಗೆಲ್ಲುವವರು ಅಂತ ಹಾಡಿದರೆ ಇವರು ಸಾವಿರಾರು ಜನ ಎದ್ದು ನಿಂತು ಗಾಲಿ ಬಿದ್ದ ಗಾಡಿಯ ಬಗ್ಗೆ ಹಾಡುತ್ತಾರೆ. ನಾನೂ ಎದ್ದು ನಿಂತು ಹಾಡಿದೆ. ನಗು ತಡೆಯಲಾಗಲಿಲ್ಲ. ಅಜ್ಜ ನಗಲಿಲ್ಲ, ನಾಡಗೀತೆ ಹಾಡುವ ಗಾಂಭೀರ್ಯ ಅವರದು.

ಗಾಲಿ ಬೀಳುವುದರಲ್ಲಿ 2009ನ್ನು ಮೀರಿಸಿದ್ದು ಇಲ್ಲ. ಆಗ ಕ್ಲಬ್ ಅಭಿಮಾನಿಗಳ ಟ್ರಸ್ಟಿನ ಕೈಯಲ್ಲಿತ್ತು. ಮುಂಟೊ ಫೈನಾನ್ಸ್ ಎನ್ನುವ ಕಂಪನಿ ಬಂತು, ಹಿಂದೆ ಅರಬ್ ಕಡೆಯ ದೊಡ್ಡ ದುಡ್ಡು ಇದೆ ಅಂದಿತು. ಅಭಿಮಾನಿಗಳು ಮತ ಹಾಕಿ ತಮ್ಮ ಪಾಲನ್ನು ಹೆಚ್ಚುಕಡಿಮೆ ಪುಕ್ಕಟೆಯಾಗಿ ಕೊಟ್ಟುಬಿಟ್ಟರು. ನಾಲ್ಕನೇ ದರ್ಜೆಯ ಕ್ಲಬ್ಬಿಗೆ ಇಂಗ್ಲೆಂಡ್ ತಂಡದ ಮಾಜಿ ಮ್ಯಾನೇಜರ್ ಸ್ವೆನ್ ಎರಿಕ್ಸನ್ ನಿರ್ದೇಶಕನಾಗಿ ಬಂದ. ಇಂಗ್ಲೆಂಡಿಗೆ ವಿಶ್ವಕಪ್ ಆಡಿದ್ದ ಸೋಲ್ ಕ್ಯಾಂಪ್‌ಬೆಲ್ ಐದು ವರ್ಷದ ಒಪ್ಪಂದಕ್ಕೆ ಸಹಿ ಹಾಕಿದ. ಮೋರ್ಕಂಬ್ ಎನ್ನುವ ಸಮುದ್ರದಂಡೆಯ ಊರಲ್ಲಿ ಒಂದು ಪಂದ್ಯ ಆಡಿದ, ತಂಡ 2-1ರಿಂದ ಸೋತಿತು, ಅವನು ಒಪ್ಪಂದ ಮುರಿದು ಮನೆಗೆ ಹೋದ. ಐದು ವರ್ಷ, ಒಂದು ಪಂದ್ಯ! ದುಡ್ಡು ಎಲ್ಲಿ ಅಂತ ನೋಡಿದರೆ ಇರಲೇ ಇಲ್ಲ. ತೆರೆಯ ಹಿಂದೆ ಇದ್ದವನು ಮೊದಲೊಮ್ಮೆ ತನ್ನದೇ ಕಾರು ಕಳುವಾಯಿತು ಅಂತ ಸುಳ್ಳು ಹೇಳಿ ವಿಮೆ ಹಣ ಕೇಳಿ ಜೈಲು ಕಂಡವನು. ಇವನ ಜೊತೆ ಎರಿಕ್ಸನ್ ಪಾಪ ಉತ್ತರ ಕೊರಿಯಾಕ್ಕೂ ಹೋಗಿಬಂದ, ಗಣಿ ವ್ಯವಹಾರದ ಹೆಸರಲ್ಲಿ. ನಾಲ್ಕನೇ ದರ್ಜೆಯ ಕ್ಲಬ್ಬಿನ ಕಥೆಯಲ್ಲಿ ಪ್ಯೊಂಗ್‌ಯಾಂಗ್ ಬರುತ್ತದೆ ಅಂದರೆ ನೀವೇ ನೋಡಿ. ಕ್ಲಬ್ ಒಂದು ಪೌಂಡ್‌ಗೆ ಕೈ ಬದಲಾಯಿಸಿತು, ಕೆಲವೇ ವಾರದಲ್ಲಿ ಮತ್ತೆ ಒಂದು ಪೌಂಡ್‌ಗೆ. ಜೊತೆಗೆ ಲಕ್ಷಾಂತರ ಪೌಂಡ್ ಸಾಲ.

ಇಷ್ಟೆಲ್ಲ ರಾದ್ಧಾಂತದ ನಡುವೆ ಆ ವರ್ಷ ತಂಡ ತನ್ನ ಡಿವಿಷನ್ ಗೆದ್ದುಬಿಟ್ಟಿತು. ಇದಕ್ಕೆ ನನ್ನಲ್ಲಿ ವಿವರಣೆ ಇಲ್ಲ.

ನಾನು ನೋಡಿದ ಪಂದ್ಯ ಡ್ರಾ ಆಯಿತು. ಊರಿಗೆ ವಾಪಸ್ ಬಂದ ಮೇಲೂ ಶನಿವಾರ ರಾತ್ರಿ ಮೊಬೈಲಿನಲ್ಲಿ ಸ್ಕೋರ್ ನೋಡುವ ಅಭ್ಯಾಸ ಉಳಿಯಿತು. ಅಜ್ಜ ಆಗೀಗ ಮೆಸೇಜ್ ಮಾಡುತ್ತಿದ್ದರು. 2019ರ ಮೇ 4ರಂದು ಸ್ವಿಂಡನ್‌ನಲ್ಲಿ 3-1ರಿಂದ ಸೋತು ಕೌಂಟಿ ಫುಟ್‌ಬಾಲ್ ಲೀಗ್‌ನಿಂದಲೇ ಹೊರಗೆ ಬಿತ್ತು. 1888ರಲ್ಲಿ ಲೀಗ್ ಕಟ್ಟಿದವರಲ್ಲಿ ಒಬ್ಬರು, 131 ವರ್ಷದ ನಂತರ ಆ ಮನೆಯಿಂದ ಆಚೆಗೆ. ತೆರಿಗೆ ಬಾಕಿಗೆ ಕೋರ್ಟು ನೋಟಿಸ್ ಬೇರೆ. ಅವತ್ತು ರಾತ್ರಿ ಅಜ್ಜನ ಮೆಸೇಜ್ ಬಂತು. “ಗಾಲಿ ಬಿತ್ತು” ಅಂತ, ಅಷ್ಟೇ.

ಆ ಬೇಸಿಗೆಯಲ್ಲಿ ಡೆನ್ಮಾರ್ಕಿನ ರೀಡ್ಸ್ ಸೋದರರು ಕ್ಲಬ್ ಕೊಂಡರು. ಅಂಕಿಅಂಶ ಇಟ್ಟುಕೊಂಡು ಫುಟ್‌ಬಾಲ್ ಅಳೆಯುವವರು, ಕೂಗಾಡುವವರಲ್ಲ. ಆದರೂ ಮೇಲೆ ಬರಲು ನಾಲ್ಕು ವರ್ಷ ಹಿಡಿಯಿತು. 2020ರಲ್ಲಿ ಕೊರೊನಾದಿಂದ ಖಾಲಿ ಬಿದ್ದ ವೆಂಬ್ಲಿಯಲ್ಲಿ ಪ್ಲೇಆಫ್ ಫೈನಲ್ ಸೋಲು. ಮುಂದಿನ ಎರಡು ವರ್ಷವೂ ಪ್ಲೇಆಫ್‌ನಲ್ಲೇ ಎಡವಿದರು.

2022-23ರಲ್ಲಿ ಮಾತ್ರ ತಂಡ ಬೇರೆಯೇ ಥರ ಆಡಿತು. 46 ಪಂದ್ಯದಲ್ಲಿ ಸೋತದ್ದು ಮೂರು. 107 ಪಾಯಿಂಟ್. ಮೆಕಾಲಿ ಲ್ಯಾಂಗ್‌ಸ್ಟಾಫ್ ಒಬ್ಬನೇ 42 ಗೋಲು. ಬೇರೆ ಯಾವ ವರ್ಷವಾದರೂ ಹಾರ ಹಾಕಿ ಮೇಲೆ ಕಳಿಸುತ್ತಿದ್ದರು. ಆ ವರ್ಷ ಎದುರಿಗಿದ್ದದ್ದು ಹಾಲಿವುಡ್ ನಟರು ಕೊಂಡಿದ್ದ ರೆಕ್ಸಮ್. ಅವರು 111 ತೆಗೆದರು. ನೇರವಾಗಿ ಮೇಲೆ ಹೋಗುವುದು ಒಬ್ಬರೇ. ಏಪ್ರಿಲ್ 10ರಂದು ಇಬ್ಬರೂ ಎದುರಾದಾಗ ರೆಕ್ಸಮ್ 3-2 ಮುಂದಿತ್ತು, 90 ನಿಮಿಷ ಮುಗಿದು ಹೆಚ್ಚುವರಿ ಸಮಯ ನಡೆಯುತ್ತಿತ್ತು, ಆಗ ಕೌಂಟಿಗೆ ಪೆನಾಲ್ಟಿ ಸಿಕ್ಕಿತು. ಸೆಡ್ವಿನ್ ಸ್ಕಾಟ್ ಹೊಡೆದ. ನಿವೃತ್ತಿಯಿಂದ ಎದ್ದು ಬಂದಿದ್ದ ನಲವತ್ತರ ಬೆನ್ ಫಾಸ್ಟರ್ ಹಾರಿ ತಡೆದ. ಹೆಂಡ್ರಿಯ ಶಾಪ ಅಂದುಕೊಂಡೆ ನಾನು. 132 ವರ್ಷದ ಹಿಂದಿನ ಕೈ ಈಗ ಬಂದು ಬಡಿಯಿತು.

ಹಾಗಾಗಿ ಮತ್ತೆ ಪ್ಲೇಆಫ್. ಸೆಮಿಫೈನಲ್‌ನಲ್ಲಿ ಎರಡು ಗೋಲು ಹಿಂದೆ ಬಿದ್ದು, 120ನೇ ನಿಮಿಷದಲ್ಲಿ ಗೆದ್ದರು. ಫೈನಲ್ ವೆಂಬ್ಲಿಯಲ್ಲಿ, ಚೆಸ್ಟರ್‌ಫೀಲ್ಡ್ ವಿರುದ್ಧ, 2023ರ ಮೇ 13ರಂದು.

ಆ ದಿನಾಂಕ ನಮಗೂ ನೆನಪಿರಬೇಕು. ಕರ್ನಾಟಕ ವಿಧಾನಸಭೆ ಚುನಾವಣೆಯ ಫಲಿತಾಂಶ ಬಂದ ದಿನ. ಬೆಳಿಗ್ಗೆ ಎಂಟರಿಂದ ನಮ್ಮ ಮನೆ ಟಿವಿ ಆಫ್ ಆಗಿರಲಿಲ್ಲ. ಮಧ್ಯಾಹ್ನದ ಹೊತ್ತಿಗೇ ಕಾಂಗ್ರೆಸ್ ಗೆದ್ದದ್ದು ಗೊತ್ತಾಗಿತ್ತು, 135 ಸೀಟು. ರಾತ್ರಿ ಊಟವಾದರೂ ಅಪ್ಪ ಟಿವಿ ಮುಂದೆಯೇ. ಸಿದ್ದರಾಮಯ್ಯನೋ ಡಿಕೆ ಶಿವಕುಮಾರೋ ಅಂತ ಆರು ಜನ ಒಟ್ಟಿಗೆ ಕೂಗುತ್ತಿದ್ದರು. ನಾನು ಮೂಲೆಯ ಕುರ್ಚಿಯಲ್ಲಿ ಮೊಬೈಲ್ ಹಿಡಿದುಕೊಂಡಿದ್ದೆ.

ಚೆಸ್ಟರ್‌ಫೀಲ್ಡ್ ಒಂದು ಹೊಡೆಯಿತು, ಕೊನೆಗಳಿಗೆಯಲ್ಲಿ ಕೌಂಟಿಯ ಬೋಸ್ಟಾಕ್ ಫ್ರೀ ಕಿಕ್‌ನಲ್ಲಿ ಸರಿಗಟ್ಟಿದ. ಎಕ್ಸ್‌ಟ್ರಾ ಟೈಮ್‌ನಲ್ಲಿ ಚೆಸ್ಟರ್‌ಫೀಲ್ಡ್ ಇನ್ನೊಂದು, ಕೌಂಟಿಯೂ ಇನ್ನೊಂದು. 2-2. ಪೆನಾಲ್ಟಿ. ಅದಕ್ಕೆಂದೇ ಆರ್ಚಿ ಮೇರ್ ಎನ್ನುವ ಬದಲಿ ಗೋಲ್‌ಕೀಪರನ್ನು ಕೊನೆಯಲ್ಲಿ ಇಳಿಸಿದರು. ಅವನು ಎರಡು ತಡೆದ. ಕೊನೆಗೆ, ಗೋಲಾದರೆ ಗೆಲುವು ಅನ್ನುವ ಹೊಡೆತಕ್ಕೆ ಚೆಂಡಿನ ಹತ್ತಿರ ನಡೆದು ಬಂದವನು ಸೆಡ್ವಿನ್ ಸ್ಕಾಟ್. ರೆಕ್ಸಮ್‌ನಲ್ಲಿ ತಪ್ಪಿಸಿದವನು. ನನ್ನ ಮೊಬೈಲಿನ ಪರದೆ ಎರಡು ಕ್ಷಣ ಹಾಗೇ ನಿಂತುಬಿಟ್ಟಿತು.

ಆಮೇಲೆ ಅಕ್ಷರ ಬಂತು. ಗೋಲು.

“ಕೌಂಟಿ ಗೆದ್ದಿತು!” ಅಂತ ಕೂಗಿದೆ, ಕುರ್ಚಿಯಿಂದ ಎದ್ದುಬಿಟ್ಟಿದ್ದೆ.

ಅಪ್ಪ ಟಿವಿಯಿಂದ ಕಣ್ಣು ತೆಗೆಯದೆ ಅಂದರು, “ಕೌಂಟಿಂಗ್ ಮುಗಿದು ಎಷ್ಟೊತ್ತಾಯಿತು. ಈಗ ಯಾವ ಕ್ಷೇತ್ರದ್ದು ಹೇಳ್ತಿದ್ದೀಯ?”